ಶಾತೋ ಗಯಾರ್: ಹೊಳೆ ಕೈತಪ್ಪಿದ ಮೇಲೆ ಬೆಟ್ಟದ ಕೋಟೆ ಉಳಿಯುತ್ತಾ?

ಹೊಳೆದಾರಿ:

ಫ್ರಾನ್ಸಿನ ಹಳೇ ಕೋಟೆಗಳ ಮಾತು ಬಂದಾಗಲೆಲ್ಲ ಶಾತೋ ಗಯಾರ್ ಬಗ್ಗೆ ಒಂದೇ ಕಥೆ ಕೇಳುತ್ತೇನೆ. ಅಷ್ಟು ದೊಡ್ಡ ಕೋಟೆ, ಅಷ್ಟು ದುಡ್ಡು ಸುರಿದು ಕಟ್ಟಿದ್ದು, ಕೊನೆಗೆ ಯಾರೋ ಒಬ್ಬ ಸೈನಿಕ ಪಾಯಿಖಾನೆ ಕಿಂಡಿಯಲ್ಲಿ ನುಸುಳಿ ಒಳಗೆ ಬಂದ, ಕೋಟೆ ಬಿತ್ತು. ಇಷ್ಟೇ ಹೇಳಿ ಎಲ್ಲರೂ ಮುಗಿಸುತ್ತಾರೆ. ಆ ಘಟನೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಆರು ತಿಂಗಳಿಗೂ ಜಾಸ್ತಿ ನಡೆದ ಮುತ್ತಿಗೆಯನ್ನು ಒಂದು ಕಿಂಡಿಗೆ ಇಳಿಸಿಬಿಟ್ಟರೆ ನಿಜವಾಗಿ ನಡೆದಿದ್ದು ಮರೆಯಾಗುತ್ತದೆ. ನನ್ನ ಪ್ರಕಾರ ಆ ಕೋಟೆಯ ಹಣೆಬರಹ ಬರೆದಿದ್ದು 1203ರ ಬೇಸಿಗೆ ಕೊನೆಯಲ್ಲಿ, ಬೆಟ್ಟದ ಬುಡದ ಹೊಳೆಯಲ್ಲಿ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಒಪ್ಪದವರು ಖಂಡಿತ ಹೇಳಿ.

ಮೊದಲು ಜಾಗ ಕಣ್ಣಿಗೆ ಕಟ್ಟಬೇಕು. ಪ್ಯಾರಿಸ್‌ನಿಂದ ವಾಯವ್ಯಕ್ಕೆ ಸುಮಾರು 95 ಕಿಲೋಮೀಟರ್. ಸೇನ್ ನದಿ ಅಲ್ಲಿ ದೊಡ್ಡದಾಗಿ ಬಳುಕಿ ಹೋಗುತ್ತದೆ. ಆ ಬಳುಕಿನ ಬಲದಂಡೆಯಲ್ಲಿ ಬಿಳಿ ಸುಣ್ಣಕಲ್ಲಿನ ಕಡಿದಾದ ಗುಡ್ಡ. ನದಿಯಿಂದ ಸುಮಾರು 90 ಮೀಟರ್ ಎತ್ತರ. ಕೆಳಗೆ ಆಂದ್ಲಿ ಅನ್ನುವ ಊರು. ನದಿಯ ಜೊತೆಗೇ ಇನ್ನೊಂದು 40 ಕಿಲೋಮೀಟರ್ ಹೋದರೆ ರುವಾಂ, ಅಂದರೆ ನಾರ್ಮಂಡಿಯ ರಾಜಧಾನಿ. ಫ್ರಾನ್ಸಿನ ದೊರೆ ಪ್ಯಾರಿಸ್‌ನಿಂದ ದೋಣಿಗಳಲ್ಲಿ ದಂಡು ಇಳಿಸಿದರೆ ಈ ಗುಡ್ಡದ ಕೆಳಗೇ ಹಾದುಹೋಗಬೇಕು. ಬೇರೆ ದಾರಿಯೇ ಇಲ್ಲ.

ಆಗ ನಾರ್ಮಂಡಿ ಇದ್ದಿದ್ದು ಇಂಗ್ಲೆಂಡಿನ ದೊರೆ ರಿಚರ್ಡ್ ಕೈಯಲ್ಲಿ. ಧರ್ಮಯುದ್ಧ ಮುಗಿಸಿ ಬರುವಾಗ 1192ರ ಡಿಸೆಂಬರಿನಲ್ಲಿ ಆಸ್ಟ್ರಿಯದ ಡ್ಯೂಕ್ ಅವನನ್ನು ಹಿಡಿದು ಹಾಕಿದ. ಬಿಡುಗಡೆ ಆಗಿದ್ದು 1194ರ ಫೆಬ್ರವರಿಯಲ್ಲಿ, ಅದೂ ಭಾರಿ ಹಣ ತೆತ್ತ ಮೇಲೆ. ಅವನು ಸೆರೆಯಲ್ಲಿದ್ದಾಗ ಫ್ರಾನ್ಸಿನ ದೊರೆ ಫಿಲಿಪ್ ಸುಮ್ನೆ ಕೂರಲಿಲ್ಲ. ಗಡಿಯ ಜಿಸೋರ್ ಕೋಟೆ ತಗೊಂಡ. ನಾರ್ಮಂಡಿಯ ಪೂರ್ವ ಬಾಗಿಲು ತೆರೆದೇ ಹೋಯಿತು. 1196ರ ಒಪ್ಪಂದದಲ್ಲಿ ಜಿಸೋರ್ ಫಿಲಿಪ್‌ಗೇ ಉಳಿಯಿತು. ಆ ತೆರೆದ ಬಾಗಿಲಿಗೆ ಹೊಸ ಅಗಳಿ ಹಾಕಲು ರಿಚರ್ಡ್ ಆರಿಸಿಕೊಂಡ ಜಾಗ ಈ ಗುಡ್ಡ.

ಗಮನಿಸಬೇಕಾದ್ದು ಇದು. ಅವನು ಬರೀ ಗುಡ್ಡದ ಮೇಲೆ ಕೋಟೆ ಕಟ್ಟಲಿಲ್ಲ, ಇಡೀ ಕಣಿವೆಗೇ ಬೀಗ ಹಾಕಿದ. ನದಿ ನಡುವಿನ ದ್ವೀಪದ ಮೇಲೆ ಒಂದು ಕೋಟೆ. ದಂಡೆಯಲ್ಲಿ ಗೋಡೆ ಕಟ್ಟಿದ ಹೊಸ ಊರು, ಅದಕ್ಕೆ ಈಗ ಪುಟ್ಟ ಆಂದ್ಲಿ ಅನ್ನುತ್ತಾರೆ. ದ್ವೀಪಕ್ಕೂ ದಂಡೆಗೂ ಸೇತುವೆ. ದೋಣಿ ಇಳಿಯದಂತೆ ನದಿಗೆ ಅಡ್ಡಲಾಗಿ ನೆಟ್ಟ ಮರದ ಗೂಟಗಳ ಸಾಲು. ಇವೆಲ್ಲದರ ನೆತ್ತಿಯ ಮೇಲೆ ಕಾವಲು ಕೂತಿದ್ದು ಗಯಾರ್. ಆ ಹೆಸರಿಗೆ ದಿಟ್ಟ, ಗಟ್ಟಿಗ ಅಂತ ಅರ್ಥ.

ಕೆಲಸ ಮುಗಿದಿದ್ದು ಎರಡೇ ವರ್ಷದಲ್ಲಿ, 1196ರಿಂದ 1198. ಖರ್ಚು ಸುಮಾರು 12,000 ಪೌಂಡ್. ಇಂಗ್ಲೆಂಡಿನಲ್ಲಿರುವ ತನ್ನ ಎಲ್ಲಾ ಕೋಟೆಗಳ ಮೇಲೆ ಸೇರಿ ರಿಚರ್ಡ್ ಆಳಿದಷ್ಟು ವರ್ಷವೂ ಖರ್ಚು ಮಾಡಿದ್ದು ಸುಮಾರು 7,000 ಪೌಂಡ್. ಇದೊಂದೇ ಕೋಟೆಗೆ ಅದಕ್ಕಿಂತ ಎಷ್ಟು ಜಾಸ್ತಿ ನೋಡಿ. ಲೆಕ್ಕದ ಸುರುಳಿಗಳಲ್ಲಿ ಕಲ್ಲು ಒಡೆಯುವವರು, ಬಡಗಿಗಳು, ಕಮ್ಮಾರರು, ಸುಣ್ಣ ಸುಡುವವರು, ನೀರು ಹೊರುವವರು, ಬಂಡಿ ಹೊಡೆಯುವವರು, ಕಂದಕ ತೋಡುವವರು ಎಲ್ಲರಿಗೂ ಕೊಟ್ಟ ಕೂಲಿ ಇದೆ. ಮುಖ್ಯ ಮೇಸ್ತ್ರಿಯ ಹೆಸರು ಮಾತ್ರ ಇಲ್ಲ. ರಿಚರ್ಡ್ ತಾನೇ ನಿಂತು ಕಟ್ಟಿಸಿದ ಅನ್ನುವುದಕ್ಕೆ ಇದೂ ಒಂದು ಕಾರಣ.

ಹೀಗೆ ಕಟ್ಟಿದ ದೊರೆ 1199ರ ಏಪ್ರಿಲ್ 6ರಂದು ಸತ್ತ. ಬೇರೆಲ್ಲೋ ಒಂದು ಸಣ್ಣ ಕೋಟೆಯ ಮುಂದೆ, ಬಿಲ್ಲಿನ ಬಾಣದ ಗಾಯ ಕೊಳೆತು. ಕೋಟೆ ತಮ್ಮ ಜಾನ್ ಕೈಗೆ ಬಂತು.

ಮುಂಗಾರು:

ಚೆನ್ನಾಗಿ ಬರೆದಿದ್ದೀರಿ. ಒಂದು ಅನುಮಾನ. ಆಂದ್ಲಿ ರುವಾಂನ ಆರ್ಚ್‌ಬಿಷಪ್‌ಗೆ ಸೇರಿದ ಜಾಗ ಅಂತ ಎಲ್ಲೋ ಓದಿದ್ದೆ. ಅಲ್ಲಿ ಯಾರೂ ಕೋಟೆ ಕಟ್ಟಬಾರದು ಅಂತ 1196ರ ಒಪ್ಪಂದದಲ್ಲೇ ಇತ್ತಲ್ವಾ? ಹಾಗಿದ್ದರೆ ಶುರುವಿನಲ್ಲೇ ಮಾತು ಮುರಿದು ಕಟ್ಟಿದ ಹಾಗಾಯಿತು.

ಹೊಳೆದಾರಿ:

ಹೌದು, ಮಾತು ಮುರಿದೇ ಕಟ್ಟಿದ್ದು. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆರ್ಚ್‌ಬಿಷಪ್ ವಾಲ್ಟರ್ ಡಿ ಕೂತಾನ್ಸ್‌ಗೆ ಆ ಊರಿನಿಂದ ಒಳ್ಳೆ ಆದಾಯ ಇತ್ತು. ನದಿಯಲ್ಲಿ ಹೋಗುವ ದೋಣಿಗಳಿಂದ ಸುಂಕವೂ ಬರುತ್ತಿತ್ತು. ಕೊಡುವುದಿಲ್ಲ ಅಂದ. ರಿಚರ್ಡ್ ಕೇಳದೆ ಕೆಲಸ ಶುರು ಮಾಡಿಸಿದ. ಆರ್ಚ್‌ಬಿಷಪ್ ಇಡೀ ನಾರ್ಮಂಡಿಗೆ ಪೂಜೆ, ಸಂಸ್ಕಾರ ನಿಲ್ಲಿಸಿ ಕಟ್ಟಪ್ಪಣೆ ಹೊರಡಿಸಿ ರೋಮ್‌ಗೆ ಹೊರಟುಹೋದ. ಊರೂರಿನ ಬೀದಿಗಳಲ್ಲಿ ಹೂಳದ ಹೆಣಗಳು ಬಿದ್ದಿದ್ದವು ಅಂತ ಆ ಕಾಲದವರು ಬರೆದಿದ್ದಾರೆ. ದೊರೆಗಳ ಜಗಳಕ್ಕೆ ಸತ್ತವರಿಗೂ ಮಣ್ಣು ಸಿಗಲಿಲ್ಲ. ಕೊನೆಗೆ 1197ರಲ್ಲಿ ರಾಜಿ ಆಯಿತು. ಆಂದ್ಲಿಗೆ ಬದಲಾಗಿ ಆರ್ಚ್‌ಬಿಷಪ್‌ಗೆ ದಿಯೆಪ್ ಬಂದರು ಮತ್ತು ಬೇರೆ ಜಮೀನುಗಳು ಸಿಕ್ಕವು. ಒಂದು ಕಡಲ ಬಂದರನ್ನೇ ಬಿಟ್ಟುಕೊಟ್ಟ ಅಂದರೆ ಈ ಜಾಗ ರಿಚರ್ಡ್‌ಗೆ ಎಷ್ಟು ಬೇಕಾಗಿತ್ತು ಅಂತ ಗೊತ್ತಾಗುತ್ತದೆ.

ಕಲ್ಲುಗುಂಡು:

ಕಣಿವೆಗೇ ಬೀಗ ಅನ್ನುವ ಮಾತು ಒಪ್ಪುತ್ತೇನೆ. ಹೊಳೆಯಲ್ಲೇ ಎಲ್ಲಾ ಮುಗಿದಿತ್ತು ಅನ್ನುವುದನ್ನು ಒಪ್ಪಲ್ಲ. ಕೋಟೆಯಲ್ಲೇ ದೋಷಗಳಿದ್ದವು. ಕಟ್ಟಡದ ಕೆಲಸದಲ್ಲಿ ಇರುವವನಾಗಿ ನನಗೆ ಅವು ಎದ್ದು ಕಾಣುತ್ತವೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಮೂರು ಸುತ್ತು. ಹೊರಸುತ್ತು ಮುಂದೆ ಚಾಚಿದ ಮೂಗಿನ ಹಾಗೆ ಬೇರೆಯಾಗಿ ನಿಂತಿದೆ, ಅದಕ್ಕೆ ಅದರದ್ದೇ ಬುರುಜುಗಳು. ಅದರ ಹಿಂದೆ ಬಂಡೆ ಕೊರೆದು ಮಾಡಿದ ಕಂದಕ. ಆಮೇಲೆ ನಡುಸುತ್ತು. ಅದರೊಳಗೆ ಮತ್ತೆ ಕಂದಕ, ಮತ್ತೆ ಒಳಸುತ್ತು, ಅದರಲ್ಲಿ ಮುಖ್ಯ ಗೋಪುರ. ಶತ್ರು ಒಂದು ಸುತ್ತು ಗೆದ್ದರೂ ಮುಂದಿನದಕ್ಕೆ ಮೊದಲಿನಿಂದ ಶುರು ಮಾಡಬೇಕು. ಒಳಸುತ್ತಿನ ಗೋಡೆ ನೋಡಿದರೆ ಮನಸ್ಸು ತುಂಬುತ್ತದೆ. ನೇರ ಗೋಡೆಯೇ ಅಲ್ಲ ಅದು. ಅರ್ಧ ಉರುಳೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದ ಹಾಗೆ ಉಬ್ಬು ಉಬ್ಬಾಗಿ ಸುತ್ತುತ್ತದೆ. ಕವಣೆ ಯಂತ್ರದ ಕಲ್ಲು ಬಂದು ಬಡಿದರೆ ಉಬ್ಬಿನ ಮೇಲೆ ಜಾರಿ ಅದರ ಹೊಡೆತ ಕಡಿಮೆ ಆಗುತ್ತದೆ. ಮೇಲೆ ನಿಂತು ಬಾಣ ಬಿಡುವವನಿಗೆ ಗೋಡೆಯ ಬುಡವೂ ಚೆನ್ನಾಗಿ ಕಾಣುತ್ತದೆ. ಮುಖ್ಯ ಗೋಪುರದ ನೆತ್ತಿಯಲ್ಲಿ ಗೋಡೆಯಿಂದ ಆಚೆಗೆ ಚಾಚಿದ ಕಲ್ಲಿನ ಕಮಾನುಗಳು, ನಡುವೆ ಸಂದುಗಳು. ಅಲ್ಲಿಂದ ಬುಡದಲ್ಲಿರುವ ಶತ್ರುವಿನ ತಲೆ ಮೇಲೆ ಕಲ್ಲು ಹಾಕಬಹುದು. ಯುರೋಪಿನಲ್ಲಿ ಅಂಥದ್ದನ್ನು ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಕೋಟೆಗಳಲ್ಲಿ ಇದೂ ಒಂದು. ಎರಡು ವರ್ಷದಲ್ಲಿ ಇಷ್ಟು ಮಾಡಿದ ಆ ಕೆಲಸಗಾರರಿಗೆ ಕೈ ಮುಗಿಯಬೇಕು.

ಈಗ ದೋಷ. ಒಂದು, ಆಗ್ನೇಯ ದಿಕ್ಕು. ಮೂರು ಕಡೆ ಇಳಿಜಾರು ಕಡಿದಾಗಿದೆ. ಆ ಒಂದು ಕಡೆ ಮಾತ್ರ ಗುಡ್ಡ ಕತ್ತಿನ ಹಾಗೆ ಹಿಂದಿನ ಎತ್ತರದ ಬಯಲಿಗೆ ಅಂಟಿಕೊಂಡಿದೆ. ಆ ಕಡೆಯ ನೆಲ ಕೋಟೆಗಿಂತ ಎತ್ತರ. ಹೊರಸುತ್ತನ್ನು ಅಲ್ಲಿಟ್ಟಿದ್ದೇ ಅದಕ್ಕೆ. ಎರಡು, ಕಲ್ಲು. ಸುಣ್ಣಕಲ್ಲು ಮೆತ್ತಗೆ, ಅಗೆಯುವುದು ಸುಲಭ, ಹಾಗಾಗಿ ಕಂದಕ ಬೇಗ ತೋಡಿದರು. ಆದರೆ ಶತ್ರುವಿಗೂ ಸುರಂಗ ತೋಡುವುದು ಅಷ್ಟೇ ಸುಲಭ. ಮೂರು, ಒಳಸುತ್ತಿನ ಬಾಗಿಲಿಗೆ ಹೋಗಲು ಕಂದಕದಲ್ಲಿ ಬಂಡೆಯನ್ನೇ ಸೇತುವೆಯಾಗಿ ಬಿಟ್ಟಿದ್ದರು. ಎತ್ತಿಬಿಡಬಹುದಾದ ಮರದ ಸೇತುವೆ ಇದ್ದಿದ್ದರೆ ಕಥೆ ಬೇರೆ. ಆ ಬಂಡೆಯೇ ಮುಂದೆ ಶತ್ರುವಿಗೆ ಮರೆಯಾಯಿತು. ನಾಲ್ಕು, ಆ ಸೈನಿಕ ನುಸುಳಿದ ಕಿಟಕಿ. ಅದನ್ನು ರಿಚರ್ಡ್ ಕಟ್ಟಿಸಿದ್ದಲ್ಲ. ಜಾನ್ ಆಮೇಲೆ ಗೋಡೆಗೆ ತಾಗಿಸಿ ಕಟ್ಟಿಸಿದ ಮನೆಯದ್ದು.

ತಿಳಿನೀರು:

ಕಲ್ಲು, ಕಂದಕ ಎಲ್ಲಾ ಸರಿ. ಈ ಕೋಟೆಯ ಬಗ್ಗೆ ಓದಿದಾಗ ನನಗೆ ನಿದ್ದೆ ಕೆಡಿಸಿದ್ದು ಬೇರೆ. ಯಾರೂ ಇನ್ನೂ ಆ ಊರಿನವರ ಬಗ್ಗೆ ಬರೆದಿಲ್ಲ.

ಫಿಲಿಪ್ ಮುತ್ತಿಗೆ ಹಾಕಿ ಪುಟ್ಟ ಆಂದ್ಲಿ ಅವನ ಕೈಗೆ ಹೋದಾಗ ಅಲ್ಲಿನ ಜನ ಹೆಂಗಸರು, ಮಕ್ಕಳು, ಮುದುಕರು ಅನ್ನದೆ ಮೇಲಿನ ಕೋಟೆಗೆ ಓಡಿದರು. ಸಾವಿರಕ್ಕೂ ಜಾಸ್ತಿ ಜನ. ಕೋಟೆ ಕಾಯುತ್ತಿದ್ದವನು ರೋಜರ್ ಡಿ ಲೇಸಿ. ಸೈನಿಕರಿಗೆ ಅಂತ ಕೂಡಿಟ್ಟ ದವಸ ಇವರಿಗೆಲ್ಲ ಸಾಕಾಗುತ್ತಿರಲಿಲ್ಲ. ಮೊದಲು ಸುಮಾರು 500 ಜನರನ್ನು ಹೊರಗೆ ಕಳಿಸಿದ. ಮುತ್ತಿಗೆ ಹಾಕಿದವರು ಕನಿಕರಪಟ್ಟು ದಾರಿ ಬಿಟ್ಟರು. ಕೆಲವು ದಿನ ಬಿಟ್ಟು ಇನ್ನೊಂದು ಗುಂಪು, ಅವರಿಗೂ ದಾರಿ ಸಿಕ್ಕಿತು. ಫಿಲಿಪ್ ಆಗ ಅಲ್ಲಿರಲಿಲ್ಲ. ಗೊತ್ತಾದ ಮೇಲೆ ಇನ್ನು ಒಬ್ಬರನ್ನೂ ಬಿಡಬೇಡಿ ಅಂತ ಅಪ್ಪಣೆ ಕೊಟ್ಟ. ಒಳಗೆ ಜನ ಜಾಸ್ತಿ ಇದ್ದಷ್ಟೂ ದವಸ ಬೇಗ ಮುಗಿಯುತ್ತದಲ್ಲ.

ಕೊನೆಯ ಗುಂಪು ಹೊರಗೆ ಬಂತು. ತಮಗೂ ದಾರಿ ಬಿಡುತ್ತಾರೆ ಅಂದುಕೊಂಡೇ ಬಂದರು. ಎದುರಿನಿಂದ ಬಾಣಗಳು ಬಂದವು. ತಿರುಗಿ ಕೋಟೆಗೆ ಓಡಿದರೆ ಬಾಗಿಲು ಹಾಕಿತ್ತು. ಆಮೇಲೆ ಚಳಿಗಾಲ ಪೂರ್ತಿ ಗೋಡೆಗೂ ಶತ್ರುವಿನ ಪಾಳೆಯಕ್ಕೂ ನಡುವಿನ ಇಳಿಜಾರಿನಲ್ಲಿ, ಬಂಡೆ ಸಂದುಗಳಲ್ಲಿ ಬದುಕಿದರು. ಸೊಪ್ಪುಸದೆ ತಿಂದರು, ಕೋಟೆಯಿಂದ ಓಡಿಸಿದ ನಾಯಿಗಳನ್ನು ಹಿಡಿದು ತಿಂದರು. ಅರ್ಧಕ್ಕಿಂತ ಜಾಸ್ತಿ ಜನ ಚಳಿಗೆ, ಹಸಿವಿಗೆ ಸತ್ತರು. ಫೆಬ್ರವರಿಯಲ್ಲಿ ಫಿಲಿಪ್ ಬಂದು ಕಣ್ಣಾರೆ ನೋಡಿ, ಉಳಿದವರಿಗೆ ಊಟ ಹಾಕಿ ಬಿಟ್ಟುಬಿಡಿ ಅಂದ. ಅವರಲ್ಲಿ ಒಬ್ಬ ತನ್ನ ಕೈಯಲ್ಲಿದ್ದ ನಾಯಿಯ ಕಾಲನ್ನು ರೊಟ್ಟಿ ಸಿಗುವ ತನಕ ಬಿಡಲಿಲ್ಲ ಅಂತ ಬರೆದಿಟ್ಟಿದ್ದಾರೆ.

ಎರಡು ಕಡೆಯವರೂ ಮಾಡಿದ್ದು ತಪ್ಪು. ಯುದ್ಧದಲ್ಲಿ ಇದೆಲ್ಲಾ ಮಾಮೂಲು ಅಂತ ದಯವಿಟ್ಟು ಯಾರೂ ಹೇಳಬೇಡಿ. ದಾರಿ ಬಿಟ್ಟ ಆ ಮೊದಲಿನ ಕಾವಲಿನವರಿಗೆ ಹಾಗನ್ನಿಸಿರಲಿಲ್ಲ.

ಹೊಳೆದಾರಿ:

ತಿಳಿನೀರು, ನೀವು ಬರೆದಿದ್ದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಾನೇ ಮೊದಲು ಹೇಳಬೇಕಿತ್ತು. ಆ ಜನ ಕೋಟೆಯೊಳಗೆ ಯಾಕೆ ಬಂದರು? ಕೆಳಗಿನ ಊರು ಬಿತ್ತು ಅಂತ. ಊರು ಯಾಕೆ ಬಿತ್ತು? ದ್ವೀಪ ಬಿತ್ತು ಅಂತ. ದ್ವೀಪ ಬಿದ್ದಿದ್ದು ಹೊಳೆ ಕೈತಪ್ಪಿದ್ದರಿಂದ. ದವಸದ ಲೆಕ್ಕ ತಪ್ಪಿದ್ದೂ ಅಲ್ಲಿಂದಲೇ.

ಅಗಳು:

ನಾನು ಒಂದು ಎಚ್ಚರಿಕೆ ಹೇಳಬೇಕು. ಇಷ್ಟು ವಿವರ ನಮಗೆ ಸಿಕ್ಕಿರುವುದು ಬಹುಪಾಲು ಒಬ್ಬನೇ ವ್ಯಕ್ತಿಯಿಂದ. ಗಿಯೋಮ್ ಲ ಬ್ರೆತೊಂ ಅಂತ, ಫಿಲಿಪ್‌ನ ಪಾದ್ರಿ. ಮುತ್ತಿಗೆ ನಡೆದಾಗ ಅಲ್ಲೇ ಇದ್ದ. ಗದ್ಯದಲ್ಲೂ ಬರೆದ, ಆಮೇಲೆ ಲ್ಯಾಟಿನ್ ಪದ್ಯದಲ್ಲೂ ಬರೆದ. ಕಣ್ಣಾರೆ ಕಂಡವನು ಅನ್ನುವುದು ಅವನ ಬಲ. ಗೆದ್ದವನ ಅನ್ನ ತಿಂದವನು ಅನ್ನುವುದನ್ನು ಮರೆಯಬಾರದು. ಫಿಲಿಪ್ ಕರುಣೆ ತೋರಿಸಿದ್ದನ್ನು ಬಿಡದೆ ಬರೆಯುತ್ತಾನೆ. ಆದರೂ ಆ ಜನರ ಪಾಡನ್ನು ಮುಚ್ಚಿಡಲಿಲ್ಲ, ಅದಕ್ಕೆ ಅವನ ಮೇಲೆ ನನಗೆ ನಂಬಿಕೆ ಇದೆ.

ಕಿಂಡಿ ವಿಷಯಕ್ಕೆ ಬಂದರೆ, ಜಾನ್ ಕಟ್ಟಿಸಿದ ಆ ಮನೆಯಲ್ಲಿ ಮೇಲೆ ಪ್ರಾರ್ಥನೆಯ ಕೋಣೆ, ಕೆಳಗೆ ಬೇರೆ ಉಪಯೋಗದ ಜಾಗ. ಪೂರ್ವಕ್ಕೆ ಒಂದು ಕಿಟಕಿ. ಫಿಲಿಪ್‌ನ ಕಡೆಯ ಬೋಗಿಸ್ ಅನ್ನುವವನು ಜೊತೆಗಾರನ ಹೆಗಲ ಮೇಲೆ ನಿಂತು ಆ ಕಿಟಕಿ ಹತ್ತಿದ. ಹಗ್ಗ ಬಿಟ್ಟು ಉಳಿದವರನ್ನೂ ಎಳೆದುಕೊಂಡ. ಪಾಯಿಖಾನೆಯ ಕೊಳವೆಯಲ್ಲಿ ತೆವಳಿಕೊಂಡು ಬಂದ ಅನ್ನುವುದು ಅದರ ಇನ್ನೊಂದು ರೂಪ. ಹೇಳಲು ರಂಜನೆ ಇರುವ ಕಥೆ, ಹಾಗಾಗಿ ಅದೇ ಜಾಸ್ತಿ ಹರಡಿದೆ. ನನಗೆ ಕಿಟಕಿಯೇ ಸರಿ ಅನ್ನಿಸುತ್ತದೆ.

ಮುಂಗಾರು:

ಕಿಂಡಿ ಅಂದ ಕೂಡಲೇ ನಮಗೆಲ್ಲ ಚಿತ್ರದುರ್ಗ, ಓಬವ್ವ ನೆನಪಾಗುತ್ತಾರೆ. ಇಲ್ಲಿ ಆ ಕಿಟಕಿಯ ಹತ್ತಿರ ಒನಕೆ ಹಿಡಿದು ನಿಂತವರು ಯಾರೂ ಇರಲಿಲ್ಲವಾ? ಒಳಗಿನವರಿಗೆ ಸದ್ದೇ ಕೇಳಿಸಲಿಲ್ಲವಾ?

ಅಗಳು:

ಕೇಳಿಸಿತ್ತು. ಒಳಗೆ ನುಗ್ಗಿದವರು ಬೇಕಂತಲೇ ಜೋರಾಗಿ ಗಲಾಟೆ ಎಬ್ಬಿಸಿದರು. ಕಾವಲಿನವರು ದೊಡ್ಡ ದಂಡೇ ಬಂದಿದೆ ಅಂದುಕೊಂಡು ಅವರನ್ನು ಸುಡಬೇಕು ಅಂತ ಆ ಮನೆಗೆ ಬೆಂಕಿ ಇಟ್ಟರು. ಗಾಳಿ ತಿರುಗಿ ಹೊಗೆ, ಬೆಂಕಿ ಇವರ ಕಡೆಗೇ ಬಂತು. ನಡುಸುತ್ತು ಬಿಟ್ಟು ಒಳಸುತ್ತಿಗೆ ಓಡಬೇಕಾಯಿತು. ಬೋಗಿಸ್ ಮತ್ತು ಜೊತೆಯವರು ಬದುಕಿ ಉಳಿದು ಸೇತುವೆ ಇಳಿಸಿದರು.

ನೆನಪಿಡಿ, ಕಿಟಕಿಯಿಂದ ಬಿದ್ದಿದ್ದು ನಡುಸುತ್ತು ಮಾತ್ರ. ಅದಕ್ಕೆ ಮೊದಲೇ ಹೊರಸುತ್ತು ಹೋಗಿತ್ತು, ಅದೂ ಸುರಂಗದಿಂದ. ಕಂದಕಕ್ಕೆ ಮಣ್ಣು ತುಂಬಿಸಿ, ಅದು ಪೂರ್ತಿ ತುಂಬುವ ಮೊದಲೇ ಏಣಿ ಇಳಿಸಿ ಏಣಿ ಹತ್ತಿ ಬುರುಜಿನ ಬುಡಕ್ಕೆ ಹೋದರು. ಬುಡ ಕೊರೆದು ಮರದ ಆಸರೆ ಕೊಟ್ಟು, ಆಮೇಲೆ ಆ ಮರಕ್ಕೆ ಬೆಂಕಿ ಇಟ್ಟರು. ಬುರುಜು ಕುಸಿಯಿತು. ಒಳಸುತ್ತು ಬಿದ್ದಿದ್ದೂ ಸುರಂಗದಿಂದಲೇ. ಕಲ್ಲುಗುಂಡು ಹೇಳಿದ ಆ ಬಂಡೆ ಸೇತುವೆಯ ಮರೆಯಲ್ಲೇ ತೋಡಿದರು. ಒಳಗಿನವರೂ ಎದುರು ಸುರಂಗ ತೋಡಿ ಅವರನ್ನು ಓಡಿಸಿದರು. ಎರಡೂ ಕಡೆ ತೋಡಿ ತೋಡಿ ಗೋಡೆಯ ಬುಡ ಸಡಿಲವಾಯಿತು. ಆಗ ದೊಡ್ಡ ಕವಣೆ ಯಂತ್ರ ತಂದು ಕಲ್ಲು ಹೊಡೆದರು, ಗೋಡೆ ಬಾಯಿ ಬಿಟ್ಟಿತು. 1204ರ ಮಾರ್ಚ್ 6. ಉಳಿದಿದ್ದವರು ಒಂದೂವರೆ ನೂರರಷ್ಟು ಜನ. ಮುಖ್ಯ ಗೋಪುರದ ಒಳಗೆ ಸೇರಿಕೊಳ್ಳಲೂ ಆಗಲಿಲ್ಲ, ಹಿಂದಿನ ದಿಡ್ಡಿ ಬಾಗಿಲಿನ ಹತ್ತಿರ ಸಿಕ್ಕಿಬಿದ್ದರು.

ಕಲ್ಲುಗುಂಡು:

ಇದನ್ನೇ ನಾನು ಹೇಳುತ್ತಿರುವುದು. ಮೂರು ಸುತ್ತಿನಲ್ಲಿ ಎರಡು ಸುರಂಗಕ್ಕೆ ಬಿದ್ದವು. ಕೋಟೆಯ ಕಟ್ಟೋಣದಲ್ಲೇ ತಪ್ಪು ಇತ್ತು. ಹೊಳೆ ಎಲ್ಲಿ ಬಂತು ಇದರಲ್ಲಿ?

ಹೊಳೆದಾರಿ:

ಒಳ್ಳೆ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಸುರಂಗ ತೋಡಲು ಸಮಯ ಬೇಕು, ನೆಮ್ಮದಿ ಬೇಕು. ಬೆನ್ನ ಹಿಂದೆ ಶತ್ರುವಿನ ದಂಡು ಬರುವ ಭಯ ಇದ್ದರೆ ಯಾರೂ ತಿಂಗಳುಗಟ್ಟಲೆ ಕೂತು ಗುಡ್ಡ ಕೊರೆಯಲ್ಲ. ಫಿಲಿಪ್ ಆ ನೆಮ್ಮದಿ ಗಳಿಸಿದ್ದು ಎಲ್ಲಿ ಅಂತ ನೋಡಿ.

1203ರ ಆಗಸ್ಟಿನಲ್ಲಿ ಅವನು ಬಂದು ಪಾಳೆಯ ಹಾಕಿದ್ದು ಗುಡ್ಡದ ಹತ್ತಿರ ಅಲ್ಲ. ನದಿಯ ಬಳುಕಿನ ಒಳಗೆ, ಎಡದಂಡೆಯ ಬಯಲಿನಲ್ಲಿ. ದ್ವೀಪದವರು ಸೇತುವೆ ಮುರಿದರು. ಫಿಲಿಪ್‌ನ ಈಜುಗಾರರು ಕೊಡಲಿ ಹಿಡಿದು ನೀರಿಗೆ ಇಳಿದರು. ಮೇಲಿನಿಂದ ಬಾಣ, ಕಲ್ಲು ಬೀಳುತ್ತಿದ್ದರೂ ಆ ಗೂಟಗಳ ಸಾಲು ಕಡಿದರು. ದಾರಿ ತೆರೆಯಿತು. ನದಿಯ ಮೇಲ್ಭಾಗದಿಂದ ಅಗಲವಾದ ಚಪ್ಪಟೆ ದೋಣಿಗಳನ್ನು ಇಳಿಸಿ, ಒಂದಕ್ಕೊಂದು ಕಟ್ಟಿ, ನದಿಗೆ ಅಡ್ಡಲಾಗಿ ದೋಣಿ ಸೇತುವೆ ಮಾಡಿದರು. ಅದರ ಮೇಲೆ ಮರದ ಗೋಪುರಗಳನ್ನೂ ನಿಲ್ಲಿಸಿದರು. ಈಗ ಎರಡೂ ದಂಡೆ ಫಿಲಿಪ್‌ಗೆ.

ಜಾನ್ ಇದನ್ನು ಮುರಿಯಲು ಮಾಡಿದ ಯೋಜನೆ ನಿಜಕ್ಕೂ ಚೆನ್ನಾಗಿತ್ತು. ಅವನ ಸರದಾರ ವಿಲಿಯಂ ಮಾರ್ಷಲ್ ರಾತ್ರಿ ಹೊತ್ತು ದಂಡೆ ದಾರಿಯಲ್ಲಿ ಬಂದು ಪಾಳೆಯದ ಮೇಲೆ ಬೀಳಬೇಕು. ಅದೇ ಹೊತ್ತಿಗೆ ಕೆಳಗಿನಿಂದ, ರುವಾಂ ಕಡೆಯಿಂದ, 70 ದೋಣಿಗಳು ದವಸ, ಸೈನಿಕರನ್ನು ಹೊತ್ತು ಬಂದು ದೋಣಿ ಸೇತುವೆ ಮುರಿಯಬೇಕು. ಎರಡೂ ಒಟ್ಟಿಗೆ ಆದರೆ ಫಿಲಿಪ್‌ನ ದಂಡು ಎರಡು ತುಂಡು. ಮಾರ್ಷಲ್ ಸರಿಯಾದ ಸಮಯಕ್ಕೆ ಬಂದ. ಪಾಳೆಯದಲ್ಲಿ ನಿದ್ದೆಗಣ್ಣಿನಲ್ಲಿದ್ದವರು ಚೆಲ್ಲಾಪಿಲ್ಲಿಯಾದರು. ದೋಣಿ ಸೇತುವೆಯ ಮೇಲೆ ಓಡುವವರ ಭಾರಕ್ಕೆ ಅದೂ ಒಂದು ಕಡೆ ಮುರಿಯಿತು. ಆದರೆ ದೋಣಿಗಳು ಬರಲಿಲ್ಲ. ಸೇನ್ ನದಿಯ ಹರಿವಿಗೆ ಎದುರಾಗಿ ಹುಟ್ಟು ಹಾಕಬೇಕಿತ್ತು. ನೀರಿನ ವೇಗದ ಲೆಕ್ಕ ತಪ್ಪಿತು. ಆಚೆ ದಂಡೆಯಲ್ಲಿದ್ದ ಫಿಲಿಪ್‌ನ ಒಳ್ಳೊಳ್ಳೆ ಸೈನಿಕರು ಪಂಜು ಹಚ್ಚಿಕೊಂಡು, ಸೇತುವೆ ರಿಪೇರಿ ಮಾಡಿಕೊಂಡು, ದಾಟಿ ಬಂದು ಮಾರ್ಷಲ್‌ನ ದಂಡನ್ನು ಸೋಲಿಸಿ ಓಡಿಸಿದರು. ದೋಣಿಗಳು ಬಂದಿದ್ದು ಬೆಳಗಾಗುವಾಗ. ಅಷ್ಟರಲ್ಲಿ ಎಲ್ಲರೂ ಎಚ್ಚರವಾಗಿ ಬಿಲ್ಲು ಹಿಡಿದು ಕಾಯುತ್ತಿದ್ದರು. ಆ ದೋಣಿಯವರ ಗತಿ ಏನಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೆಲವೇ ಗಂಟೆಗಳ ವ್ಯತ್ಯಾಸ. ಅದನ್ನು ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ ನನಗೆ.

ಆಮೇಲೆ ಮಾಂತ್ ಊರಿನ ಗೋಬೇರ್ ಅನ್ನುವ ಈಜುಗಾರ ಮುಚ್ಚಿದ ಮಡಕೆಗಳಲ್ಲಿ ಕೆಂಡ ಇಟ್ಟುಕೊಂಡು ನೀರಿನಲ್ಲಿ ಈಜಿ ದ್ವೀಪದ ಮರದ ಬೇಲಿಗೆ ಬೆಂಕಿ ಹಚ್ಚಿದ. ದ್ವೀಪ ಹೋಯಿತು. ಊರು ಹೋಯಿತು. ಫಿಲಿಪ್ ಗುಡ್ಡದ ಸುತ್ತ ಎರಡು ಸಾಲು ಕಂದಕ ತೋಡಿಸಿ, ಮರದ ಗೋಪುರ ಕಟ್ಟಿಸಿ, ಸೈನಿಕರಿಗೆ ಚಳಿಗಾಲಕ್ಕೆ ಗುಡಿಸಲು ಹಾಕಿಸಿ ಕೂತ. ಜಾನ್ ಡಿಸೆಂಬರಿನಲ್ಲಿ ಕಡಲು ದಾಟಿ ಇಂಗ್ಲೆಂಡಿಗೆ ಹೊರಟುಹೋದ. ಇನ್ನು ಯಾರೂ ಬರುವುದಿಲ್ಲ ಅಂತ ಗುಡ್ಡದ ಮೇಲಿನವರಿಗೆ ಅವತ್ತೇ ಗೊತ್ತಾಗಿರಬೇಕು. ಅಂಥ ಸ್ಥಿತಿಯಲ್ಲಿ ಯಾವ ಗೋಡೆ ಎಷ್ಟು ಚೆನ್ನಾಗಿದ್ದರೇನು?

ಕಲ್ಲುಗುಂಡು:

ಆ ರಾತ್ರಿಯ ವಿಷಯ ಇಷ್ಟು ಬಿಡಿಸಿ ಓದಿರಲಿಲ್ಲ. ನಿಮ್ಮ ಮಾತು ಮುಕ್ಕಾಲು ಪಾಲು ಒಪ್ಪಿದೆ. ಒಂದು ಮಾತ್ರ ಸೇರಿಸುತ್ತೇನೆ. ಹೊಳೆ ಕೈತಪ್ಪಿದ ಮೇಲೂ ಜಾನ್ ಇನ್ನೊಮ್ಮೆ ದಂಡು ಕೂಡಿಸಬಹುದಿತ್ತು. ಅವನಿಗೆ ಜನ ಸಿಗಲಿಲ್ಲ. ಅಣ್ಣನ ಮಗ ಆರ್ಥರ್‌ನನ್ನು 1202ರಲ್ಲಿ ಸೆರೆ ಹಿಡಿದ, ಮರುವರ್ಷ ಆ ಹುಡುಗ ಕಾಣೆಯಾದ. ಜಾನ್‌ನೇ ಕೊಲ್ಲಿಸಿದ ಅಂತ ಎಲ್ಲರೂ ನಂಬಿದರು. ಒಬ್ಬೊಬ್ಬರೇ ಪಾಳೆಯಗಾರರು ಫಿಲಿಪ್ ಕಡೆ ಹೋದರು. ದಂಡು ಕೊಡುವವರೇ ಇಲ್ಲದ ಮೇಲೆ ದೋಣಿ ಎಲ್ಲಿಂದ ತರುತ್ತಾನೆ? ಹಾಗಾಗಿ ನನ್ನ ಲೆಕ್ಕದಲ್ಲಿ ಹೊಳೆಯ ಸೋಲಿಗಿಂತ ಜಾನ್ ನಂಬಿಕೆ ಕಳೆದುಕೊಂಡಿದ್ದು ದೊಡ್ಡದು.

ಹೊಳೆದಾರಿ:

ಅದನ್ನು ಪೂರ್ತಿ ಒಪ್ಪುತ್ತೇನೆ. ಗಯಾರ್ ಬಿದ್ದ ಮೇಲೆ ರುವಾಂ ನಾಲ್ಕು ತಿಂಗಳು ಕೂಡ ನಿಲ್ಲಲಿಲ್ಲ. 1204ರ ಜೂನ್ 24ರಂದು ಬಾಗಿಲು ತೆರೆಯಿತು. ರುವಾಂನವರು ಜಾನ್‌ಗೆ ಸಹಾಯ ಕೇಳಿ ಹೇಳಿಕಳಿಸಿದ್ದರು, ಏನೂ ಬರಲಿಲ್ಲ.

ಬೆಳ್ಳಕ್ಕಿ:

ಎಲ್ಲವನ್ನೂ ಓದುತ್ತಾ ಕೂತಿದ್ದೆ, ಬರೆಯದೆ ಇರಲಾಗಲಿಲ್ಲ. ನಾನು ಅಲ್ಲಿಗೆ ಹೋಗಿದ್ದೇನೆ. ಪುಟ್ಟ ಆಂದ್ಲಿಯಿಂದ ಕಾಲುದಾರಿಯಲ್ಲಿ ಹತ್ತಿದರೆ ಏದುಸಿರು ಬರುತ್ತದೆ, ಅಷ್ಟು ಕಡಿದು. ಮೇಲೆ ನಿಂತರೆ ನದಿಯ ಬಳುಕು ಪೂರ್ತಿ ಕಾಣುತ್ತದೆ. ದ್ವೀಪ, ಎದುರಿನ ಬಯಲು, ದೂರದವರೆಗೂ ದಂಡೆಯ ಉದ್ದಕ್ಕೆ ಬಿಳಿ ಬಂಡೆಗಳ ಸಾಲು. ಹೊಳೆದಾರಿ ಹೇಳಿದ್ದು ಅಲ್ಲಿ ನಿಂತರೆ ತಾನಾಗಿಯೇ ತಿಳಿಯುತ್ತದೆ. ಮೇಲಿನವರು ಆ ರಾತ್ರಿ ಕೆಳಗೆ ಉರಿಯುತ್ತಿದ್ದ ಪಂಜುಗಳನ್ನು ನೋಡಿರುತ್ತಾರೆ, ಕೂಗಾಟ ಕೇಳಿರುತ್ತಾರೆ. ಏನೂ ಮಾಡಲಾಗದೆ ನಿಂತಿರುತ್ತಾರೆ.

ಆ ಉಬ್ಬು ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದೆ. ಎಂಟು ನೂರು ವರ್ಷ ಮಳೆ, ಮಂಜು ತಿಂದರೂ ಆ ದುಂಡು ಹಾಗೇ ಇದೆ. ಗೋಡೆಯ ಕೆಳಗಿನ ಇಳಿಜಾರಿನಲ್ಲಿ ಈಗ ಹುಲ್ಲು ಬೆಳೆದಿದೆ. ತಿಳಿನೀರು ಬರೆದ ಜನ ಇದ್ದಿದ್ದು ಅಲ್ಲೇ ಅಂತ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಲ್ಲಿ ಕೂತು ಬುತ್ತಿ ಬಿಚ್ಚುತ್ತಿರಲಿಲ್ಲ.

ಮುಂಗಾರು:

1204ರ ಆಮೇಲೆ ಕೋಟೆ ಏನಾಯಿತು? ಈಗ ಹಾಳುಬಿದ್ದಿರುವುದು ಆ ಮುತ್ತಿಗೆಯಿಂದಲಾ?

ಅಗಳು:

ಅಲ್ಲ. ಫಿಲಿಪ್ ರಿಪೇರಿ ಮಾಡಿಸಿದ. ಮುಂದೆ ಸೆರೆಮನೆಯೂ ಆಯಿತು. 1314ರಲ್ಲಿ ರಾಜಮನೆತನದ ಇಬ್ಬರು ಸೊಸೆಯರನ್ನು, ಮಾರ್ಗರೀತ್ ಮತ್ತು ಬ್ಲಾಂಶ್, ಹಾದರದ ಆರೋಪದ ಮೇಲೆ ಇಲ್ಲೇ ಕೂಡಿಹಾಕಿದರು. ಮಾರ್ಗರೀತ್ ಮರುವರ್ಷ ಇಲ್ಲೇ ಸತ್ತಳು. 1334ರಿಂದ 1341ರವರೆಗೆ ಸ್ಕಾಟ್ಲೆಂಡಿನ ಹುಡುಗ ದೊರೆ ಎರಡನೇ ಡೇವಿಡ್ ಇಲ್ಲಿ ಆಸರೆ ಪಡೆದಿದ್ದ. ಇಂಗ್ಲೆಂಡ್, ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದಲ್ಲಿ ಕೋಟೆ ಹಲವು ಸಲ ಕೈ ಬದಲಾಯಿತು, 1449ರಲ್ಲಿ ಕೊನೆಯದಾಗಿ ಫ್ರೆಂಚರ ಕೈ ಸೇರಿತು. ಹಾಳುಮಾಡಿದ್ದು ಫ್ರೆಂಚರೇ. ಯಾರಾದರೂ ದಂಗೆಕೋರರು ಸೇರಿಕೊಂಡಾರು ಅನ್ನುವ ಭಯಕ್ಕೆ 1599ರಲ್ಲಿ ದೊರೆ ನಾಲ್ಕನೇ ಹೆನ್ರಿ ಕೆಡವಲು ಅಪ್ಪಣೆ ಕೊಟ್ಟ. ಕ್ಯಾಪುಚಿನ್ ಸನ್ಯಾಸಿಗಳು ತಮ್ಮ ಮಠಗಳ ರಿಪೇರಿಗೆ ಕಲ್ಲು ಒಯ್ದರು. 1862ರಿಂದ ಸರಕಾರ ಕಾಪಾಡುವ ಸ್ಮಾರಕ.

ತಿಳಿನೀರು:

ನೂರು ವರ್ಷಗಳ ಯುದ್ಧದಲ್ಲಿ ಇಂಗ್ಲಿಷರಿಗೆ ಹೇಗೆ ಸಿಕ್ಕಿತು? ಮತ್ತೆ ಸುರಂಗವಾ?

ಹೊಳೆದಾರಿ:

ಇಲ್ಲ. 1419ರಲ್ಲಿ ಇಂಗ್ಲಿಷರು ಸುತ್ತ ಕೂತು ಕಾದರು ಅಷ್ಟೇ. ಗೋಡೆ ಒಡೆಯಲಿಲ್ಲ, ಕಿಟಕಿ ಹತ್ತಲಿಲ್ಲ. ಒಳಗೆ ಬಾವಿ ಇತ್ತು, ಬಾವಿಯಲ್ಲಿ ನೀರೂ ಇತ್ತು. ಆದರೆ ಗುಡ್ಡದ ಮೇಲಿನ ಬಾವಿ ಅಲ್ವಾ, ತುಂಬಾ ಆಳ. ಸೇದಿ ಸೇದಿ ಹಗ್ಗಗಳು ಸವೆದು ಹೋದವು. ಹೊಸ ಹಗ್ಗ ತರಲು ಕೆಳಗೆ ಇಳಿಯುವ ಹಾಗಿರಲಿಲ್ಲ. ಡಿಸೆಂಬರಿನಲ್ಲಿ ಬಾಗಿಲು ತೆರೆದರು.

ಆ ಗುಡ್ಡದ ಮೇಲೆ ನಿಂತರೆ ಇಡೀ ಸೇನ್ ನದಿ ಕಣ್ಣ ಮುಂದೆ ಹರಿಯುತ್ತಿರುತ್ತದೆ.